ಅಧಿಕ ಮಾಸದ ಟೈರು

ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ ಮಾಡುವ ಗಿರಿಮಲ್ಲಪ್ಪನ ಬಾಯಿಗೆ ಹೆದರದವರು ಕಡಿಮೆ. ಹೊರಗಿನಿಂದ ಬಂದ ಗಂಟಿನಲ್ಲಿ ಒಂದೆಳೆ ಮಾಸಲಾಗಿ ಕಂಡರೂ ಸಾಕು, ಲಾರಿಯವನನ್ನು ಬೀದಿಯಲ್ಲೇ ನಿಲ್ಲಿಸಿಕೊಂಡು, ಅವನನ್ನೂ ಅವನನ್ನು ಕಳಿಸಿದವನನ್ನೂ ಒಟ್ಟಿಗೇ ಝಾಡಿಸುತ್ತಿದ್ದ. ಅಂಗಡಿಯ ಮುಂದೆ ಗಟಾರು ತೋಡಿ ಹಾಗೇ ಬಿಟ್ಟು ಹೋದ ಗುತ್ತಿಗೆದಾರನ ಮನೆಗೇ ಹೋಗಿ, ಅವನು ಉಣ್ಣಲು ಕೂತಿದ್ದ ತಾಟಿನ ಮುಂದೆಯೇ ಕೂತು ಬೈದು ಬಂದಿದ್ದ. ಇಂಥ ಮನುಷ್ಯ ಅಳಿಯ ಎದುರು ಬಂದರೆ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. "ಹೌದ್ರಿ", "ಆತ್ರಿ", "ನೀವು ಅಂದಂಗ ಆಗಲ್ರಿ" ಎನ್ನುವುದು ಬಿಟ್ಟರೆ ಬೇರೆ ಮಾತು ಹೊರಡುತ್ತಿರಲಿಲ್ಲ. ಅಂಗಡಿಯ ಆಳುಗಳೇ ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದರು.

ಅದಕ್ಕೊಂದು ಕಾರಣವಿತ್ತು. ಗಿರಿಮಲ್ಲಪ್ಪನ ಅಕ್ಕ ಸಾವಕ್ಕನನ್ನು ತೇರದಾಳಕ್ಕೆ ಕೊಟ್ಟಿದ್ದರು. ಮದುವೆಯಾದ ಮರುವರ್ಷ ಯಾವುದೋ ಎತ್ತಿನ ವ್ಯಾಪಾರದಲ್ಲಿ ಮಾತಿಗೆ ಮಾತು ಬೆಳೆದು, ಇವರಪ್ಪ ಆ ಅಳಿಯನಿಗೆ ನಾಲ್ಕು ಜನರ ಮುಂದೆ "ನಿನಗೇನ ತಿಳಿತೈತಿ" ಎಂದುಬಿಟ್ಟ. ಅಷ್ಟಕ್ಕೇ ಸಾವಕ್ಕ ಗಂಟು ಕಟ್ಟಿಕೊಂಡು ತವರಿಗೆ ಬಂದಳು. ಬಂದವಳನ್ನು ಕರೆಯಲು ಯಾರೂ ಬರಲಿಲ್ಲ. ತಮ್ಮನ ಮನೆಯ ಒಲೆಯ ಮುಂದೆಯೇ ಮುದುಕಿಯಾಗಿ, ಅಲ್ಲೇ ಕಣ್ಣು ಮುಚ್ಚಿದಳು. ಅವಳನ್ನು ಮಣ್ಣು ಮಾಡಿ ಬಂದ ದಿನ ಗಿರಿಮಲ್ಲಪ್ಪ ಒಂದು ನಿಶ್ಚಯ ಮಾಡಿಕೊಂಡಿದ್ದ: ತನ್ನ ಮಗಳ ಬಾಳು ತನ್ನ ನಾಲಿಗೆಯಿಂದ ಕೆಡಬಾರದು.

ಮಗಳು ಮಧುಮತಿಯನ್ನು ಕೊಟ್ಟದ್ದು ಮುಧೋಳಕ್ಕೆ. ಅಳಿಯ ಈಶ್ವರ ಸಕ್ಕರೆ ಕಾರ್ಖಾನೆಯೊಂದರ ಕಚೇರಿಯಲ್ಲಿ ನೌಕರಿಯಲ್ಲಿದ್ದ. ಕೆಟ್ಟವನೆನ್ನಲು ಬಾರದು. ಕುಡಿಯುತ್ತಿರಲಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಆದರೆ ತನಗೆ ತಿಳಿಯದ್ದು ಯಾವುದೂ ಇಲ್ಲ ಎಂಬ ರೋಗವೊಂದಿತ್ತು, ಅದಕ್ಕೆ ಔಷಧ ಇನ್ನೂ ಬಂದಿಲ್ಲ. ದೂರದೂರ ಹೋಗುವುದಕ್ಕೆಂದೇ ಮಾಡಿದ ದೊಡ್ಡ ಮೋಟಾರ್ ಸೈಕಲ್ಲು ಅವನದು, ಎರಡೂ ಬದಿ ಪೆಟ್ಟಿಗೆ, ಮುಂದೆ ಗಾಜು. ರವಿವಾರ ಬಂದರೆ ಅವನಂಥವರದೇ ಒಂದು ಗುಂಪು ಒಂದೇ ಥರದ ಜಾಕೀಟು ತೊಟ್ಟು ಗೋಕಾಕಕ್ಕೋ ಬಾದಾಮಿಗೋ ಹೊರಡುತ್ತಿತ್ತು. ಗುಂಪಿನ ಮುಖಂಡ ಫೋನಿನಲ್ಲಿ ಹೇಳಿದ್ದೆಲ್ಲ ಈಶ್ವರನಿಗೆ ಶಾಸ್ತ್ರ.

ಆ ವರ್ಷ ಬೇಸಿಗೆಯ ಹೊಟ್ಟೆಯಲ್ಲೇ ಅಧಿಕ ಮಾಸ ಬಂತು. ಈ ಕಡೆ ಅಧಿಕ ಮಾಸವೆಂದರೆ ಅಳಿಯನ ತಿಂಗಳು. ಮಗಳು ಅಳಿಯನನ್ನು ಮನೆಗೆ ಕರೆದು, ಎಣ್ಣೆ ನೀರು ಹಾಕಿ, ಹೋಳಿಗೆ ಉಣ್ಣಿಸಿ, ಬೆಳ್ಳಿಯದೋ ಬಂಗಾರದ್ದೋ ಏನಾದರೊಂದು ಕೊಟ್ಟು ಕಳಿಸಬೇಕು. ಗಿರಿಮಲ್ಲಪ್ಪನ ಹೆಂಡತಿ ಕಸ್ತೂರೆವ್ವ ಇದಕ್ಕೆ ತನ್ನದೊಂದು ಕಟ್ಟಳೆ ಸೇರಿಸಿದ್ದಳು.

"ಈ ತಿಂಗಳದಾಗ ಅಳಿಯಗ ಇಲ್ಲ ಅನ್ನೂ ಹಂಗಿಲ್ಲ. ಅಂದ್ರ ಕೊಟ್ಟದ್ದೆಲ್ಲಾ ನೀರಾಗ ಹಾಕಿದಂಗ," ಎಂದು ಗಂಡನಿಗೆ ಮೊದಲೇ ತಾಕೀತು ಮಾಡಿದ್ದಳು. ಹಾಗೆ ತಾಕೀತು ಮಾಡುವ ಅಗತ್ಯವೇ ಇರಲಿಲ್ಲ, ಉಳಿದ ತಿಂಗಳಲ್ಲೂ ಅವನು ಇಲ್ಲ ಎಂದವನಲ್ಲ.

ಊಟಕ್ಕೆ ಕೂತ ಈಶ್ವರ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳಿದ, "ಉಂಗುರ ಗಿಂಗುರ ಬ್ಯಾಡ್ರಿ ಮಾವಾರ. ಗಾಡಿ ಟೈರ್ ಎರಡೂ ಸವದಾವ. ಅವನ್ನ ಕೊಡಸ್ರಿ ಸಾಕು. ಹೊಸಾ ಟೈರ ಹಾಕ್ಕೊಂಡು ಇಬ್ಬರೂ ಶ್ರೀಶೈಲಕ್ಕ ಹೋಗಿ ಬರ್ತೇವಿ."

"ಆತ್ರಿ," ಎಂದ ಗಿರಿಮಲ್ಲಪ್ಪ. ಮನಸ್ಸಿನಲ್ಲಿ ಖುಷಿಯೇ ಆಯಿತು. ಅಳಿಯ ಬಾಯಿಬಿಟ್ಟು ಕೇಳಿದ್ದಾನೆ, ಕೇಳಿದ್ದೂ ಉಪಯೋಗದ ವಸ್ತು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಮಧುಮತಿ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದಳು. ನೀರು ಹಾಕುತ್ತ ದನಿ ಇಳಿಸಿದಳು.

"ಅಪ್ಪಾ, ಟೈರ್ ತರಾಕ ಹೋದಾಗ ಅವರು ಹೇಳಿದಂಗ ಹಾಕಸಬ್ಯಾಡ. ಅಂಗಡಿಯವ್ರು ಹೇಳಿದಂಗ ಹಾಕಸು."

"ಯಾಕ ಯವ್ವಾ?"

"ಬ್ಯಾಸಿಗ್ಯಾಗ ಗಾಳಿ ಉಬ್ಬಿ ಟೈರ್ ಒಡಿತೈತಿ ಅಂತ ಗಾಳಿ ಕಡಿಮಿ ಇಡ್ತಾರ. ಹೋದ ಸಲ ಲೋಕಾಪುರ ದಾಟಿದ ಮ್ಯಾಲೆ ಹಿಂದಿನ ಗಾಲಿ ಹಾವಿನ್ಹಂಗ ಹೊಳ್ಳಾಡ್ತು. ನಾ ಹಿಂದ ಕುಂತಾಕಿ, ನನಗ ಗೊತ್ತಾಕೈತಿ. ಅವರಿಗಿ ಹೇಳಿದ್ರ, ನೀ ಹಿಂದ ಕುಂತು ಹೆದರ್ತಿ ಅಂತಾರ. ನನ್ನ ಮಾತಂತೂ ಕೇಳಂಗಿಲ್ಲ. ನೀ ಹಿರ್ಯಾ ಅದಿ, ನೀ ಹೇಳಿದ್ರ ಕೇಳ್ಯಾರು."

"ಹೇಳ್ತೇನಿ ಬಿಡು."

"ಖರೆ ಹೇಳ್ತೀ?"

"ಹೇಳ್ತೇನಿ ಅಂದ್ನೆಲ್ಲ," ಎಂದು ಅವಳ ತಲೆಯ ಮೇಲೆ ಒದ್ದೆ ಕೈ ಇಟ್ಟ. ಅವಳು ನಕ್ಕಳು. ಆ ಗಳಿಗೆಯಲ್ಲಿ ಅವನು ನಿಜವಾಗಿಯೂ ಹೇಳಬೇಕೆಂದೇ ಇದ್ದ, ಅದರಲ್ಲಿ ಸುಳ್ಳಿರಲಿಲ್ಲ.

ಮೂವರೂ ಜಮಖಂಡಿಗೆ ಹೋದರು. ಅಲ್ಲಿ ನಿಂಗಣ್ಣನ ಟೈರಿನ ಅಂಗಡಿ ದೊಡ್ಡದು, ನಿಂಗಣ್ಣನ ಗಂಟಲು ಅದಕ್ಕಿಂತ ದೊಡ್ಡದು. ಎಲೆ ಅಡಿಕೆ ಜಗಿಯುತ್ತ, ಗಿರಾಕಿಯನ್ನೂ ಆಳನ್ನೂ ಒಂದೇ ದನಿಯಲ್ಲಿ ಗದರಿಸುವ ಆಸಾಮಿ. ಗಿರಿಮಲ್ಲಪ್ಪನಿಗೂ ಅವನಿಗೂ ಹಳೆಯ ಪರಿಚಯ. ಮಧುಮತಿಗೆ ನೆರಳಿನಲ್ಲಿ ಕುರ್ಚಿ ಹಾಕಿಸಿ, ಚಹಾ ತರಿಸಿ, ಗಾಡಿಯನ್ನು ಸುತ್ತು ಹಾಕಿ ನೋಡಿದ.

"ನೋಡ್ರಿ, ಈ ಗಾಡಿ ಹಿಂದಿನ ರಿಮ್ಮಿಗಿ ನೂರಾ ಮೂವತ್ತರ ಅಗಲದ್ದು ಕುಂಡ್ರತೈತಿ. ಡಾಂಬರ್ ಮ್ಯಾಗ ಓಡೂ ಛಲೋ ಟೈರ್ ಐತಿ, ಹಾಕ್ತೇನಿ. ಶ್ರೀಶೈಲ ಏನು, ಕಾಶಿಗಿ ಹೋಗ್ರಿ."

ಈಶ್ವರ ಗೋಡೆಗೆ ತೂಗುಹಾಕಿದ್ದ ಇನ್ನೊಂದು ಟೈರಿನತ್ತ ಬೆರಳು ಮಾಡಿದ. ಅದು ದಪ್ಪ, ಮೈತುಂಬ ಗಡ್ಡೆಗಡ್ಡೆ ಬಟನ್ನು. "ಹಿಂದ ಅದನ್ನ ಹಾಕ್ರಿ. ನೂರಾ ಐವತ್ತರದ್ದು. ನಮ್ಮ ಗುಂಪಿನ್ಯಾಗ ಎಲ್ಲಾರೂ ಅದನ್ನ ಹಾಕ್ಯಾರ."

"ಅದು ಹೊಲದಾಗ ಗುಡ್ಡದಾಗ ಹೋಗಾಕ್ರಿ. ಮತ್ತ ನಿಮ್ಮ ರಿಮ್ ಸಣ್ಣದು. ದೊಡ್ಡ ಟೈರ್ ಸಣ್ಣ ರಿಮ್ಮಿಗಿ ಹಾಕಿದ್ರ ಎರಡೂ ಬಾಜೂ ಚಿವುಟಿ ಹಿಡದಂಗ ಆಕೈತಿ. ಹಿಡತ ಸಿಗಂಗಿಲ್ಲ."

"ನೋಡಾಕ ಡೌಲ ಕಾಣತೈತಿ. ಅದನ್ನ ಹಾಕ್ರಿ. ಮತ್ತ ಗಾಳಿ ಇಪ್ಪತ್ತೆರಡಕ್ಕ ನಿಲ್ಲಸ್ರಿ."

ನಿಂಗಣ್ಣ ಜಗಿಯುವುದನ್ನು ನಿಲ್ಲಿಸಿದ. ಎದ್ದು ಹೋಗಿ ಎಲೆ ಉಗುಳಿ ಬಂದು, ಗಾಡಿಯ ಚೈನಿನ ಮುಚ್ಚಳದ ಹತ್ತಿರ ಬಗ್ಗಿ, ಕಂಪನಿಯವರೇ ಅಂಟಿಸಿದ್ದ ಚೀಟಿಯ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ.

"ಇದನ್ನ ಓದ್ರಿ. ಒಬ್ಬರ ಕುಂತ್ರ ಹಿಂದ ಮೂವತ್ತೆರಡು. ಇಬ್ಬರು ಕುಂತು ಸಾಮಾನ ಹಾಕಿದ್ರ ಮೂವತ್ತಾರು. ನೀವು ಇಪ್ಪತ್ತೆರಡು ಅಂತೀರಿ."

"ಅದು ಥಂಡಿ ಊರಿಗಿ ಬರದದ್ದು. ನಮ್ಮ ಬಿಸಲಿಗಿ ಗಾಳಿ ಉಬ್ಬತೈತಿ. ಮೂವತ್ತಾರು ಹಾಕಿದ್ರ ಹಾದ್ಯಾಗ ಢಂ ಅಂತೈತಿ."

"ಏ, ಈ ಮಾತು ಈ ಊರಾಗ ಎಲ್ಲಾರೂ ಹೇಳ್ತಾರ್ರಿ. ಎಲ್ಲಾರೂ ಹೇಳಿದ್ರ ಖರೆ ಆಕೈತೇನು? ಬಿಸಲಿಗಿ ಉಬ್ಬೂದು ಎರಡ್ಮೂರ ಪಾಯಿಂಟ, ಅದನ್ನ ಟೈರ್ ತಡಕೋತೈತಿ. ಗಾಳಿ ಕಡಿಮಿ ಆದ್ರ ಟೈರ್ ಗಳಿಗಿಗೊಮ್ಮಿ ಮಡಚಿ ಮಡಚಿ ಒಳಗಿಂದ ಕಾಯತೈತಿ. ನಿಮ್ಮದು ಟ್ಯೂಬಿನ ಗಾಲಿ. ಗಾಳಿ ಸಡ್ಲ ಆಗಿ ಟೈರ್ ರಿಮ್ಮಿನ ಮ್ಯಾಗ ಜರದ್ರ, ಒಳಗಿನ ಟ್ಯೂಬಿಗಿ ಗಾಳಿ ತುಂಬೂ ವಾಲ್ ಕಿತ್ತಗೊಂಡು ಬರತೈತಿ. ಆಗ ಹಾದ್ಯಾಗ ಒಮ್ಮಿಗೇ ಗಾಳಿ ಖಾಲಿ."

ಈಶ್ವರನ ಮುಖ ಕೆಂಪೇರಿತು. ಹೆಂಡತಿಯ ಎದುರು, ಮಾವನ ಎದುರು ಟೈರಿನ ಅಂಗಡಿಯವನು ಹೀಗೆ ಗದರಿಸಿದ್ದು ಅವನಿಗೆ ತಾಗಿತು. "ನಾ ಈ ಗಾಡಿ ಹೊಡ್ಯಾಕ ಹತ್ತಿ ಮೂರ ವರ್ಷ ಆತು. ನೀವು ಮಾರಾವ್ರು, ಮಾರ್ರಿ," ಎಂದ.

ನಿಂಗಣ್ಣ ಅವನನ್ನು ಬಿಟ್ಟು ಗಿರಿಮಲ್ಲಪ್ಪನ ಕಡೆ ತಿರುಗಿದ. "ಸಾವಕಾರ್ರ, ಗಿರಾಕಿ ನೀವು, ಕೊಡಸಾವ್ರೂ ನೀವು. ಹಿಂದ ಕುಂಡ್ರಾಕಿ ನಿಮ್ಮ ಮಗಳು. ನೀವ ಹೇಳ್ರಿ, ಹೆಂಗ ಮಾಡ್ಲಿ?"

ಮಧುಮತಿ ಚಹಾದ ಕಪ್ಪನ್ನು ನೆಲಕ್ಕಿಟ್ಟು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಗಿರಿಮಲ್ಲಪ್ಪನಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ಆ ಕಡೆ ತಿರುಗಲಿಲ್ಲ. ನಿಂಗಣ್ಣ ಹೇಳಿದ್ದು ಸರಿ ಎಂದು ತಿಳಿಯಲು ಅವನಿಗೆ ಟೈರಿನ ವಿದ್ಯೆ ಬೇಕಿರಲಿಲ್ಲ. ಸುಳ್ಳು ಹೇಳಿ ಮಾರುವವನ ದನಿ ಹೇಗಿರುತ್ತದೆಂದು ಆಯುಷ್ಯವೆಲ್ಲ ಕೇಳಿದವನು ಅವನು. ಎರಡು ಮಾತು ಸಾಕಿತ್ತು. "ಅವರಂದಂಗ ಹಾಕೂಣ್ರಿ ಅಳಿಯಂದ್ರ" ಅಂದಿದ್ದರೆ ಈಶ್ವರ ಒಂದು ದಿನ ಮುಖ ಊದಿಸಿಕೊಂಡು ಇರುತ್ತಿದ್ದ, ಅಷ್ಟೇ. ಆದರೆ ಗಿರಿಮಲ್ಲಪ್ಪನ ಕಣ್ಣ ಮುಂದೆ ಬಂದದ್ದು ಒಲೆಯ ಮುಂದೆ ಕೂತ ಸಾವಕ್ಕ. ನಾಲ್ಕು ಜನರ ಮುಂದೆ ಅಳಿಯನ ಮಾತು ತೆಗೆದುಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಅವರು ಹೆಂಗ ಅಂತಾರೋ ಹಂಗ ಮಾಡು ನಿಂಗಣ್ಣಾ. ಗಾಡಿ ಅವರದು," ಎಂದ.

ನಿಂಗಣ್ಣ ಆಳನ್ನು ಕರೆದು ಬಟನ್ ಟೈರು ಇಳಿಸಲು ಹೇಳಿದ. ಬೇಡವೆಂದು ಕಳಿಸಿಬಿಡಬಹುದಿತ್ತು, ಕಳಿಸಲಿಲ್ಲ, ಅವನೂ ವ್ಯಾಪಾರಸ್ಥನೇ. ಟೈರು ರಿಮ್ಮಿನ ಮೇಲೆ ಕುಳಿತಾಗ ಮೇಲೆ ಗುಂಡಗೆ ಉಬ್ಬಿ, ಬುಡದಲ್ಲಿ ಹಿಚುಕಿದಂತೆ ಕಂಡಿತು. ಗಾಳಿಯ ಮುಳ್ಳು ಇಪ್ಪತ್ತೆರಡಕ್ಕೆ ಬಂದಾಗ ಈಶ್ವರ "ಬಸ್" ಎಂದು ಕೈ ಎತ್ತಿದ.

ಬನಹಟ್ಟಿಗೆ ಮರಳುವಾಗ ಮಧುಮತಿ ಅಪ್ಪನ ಜೊತೆ ಬಸ್ಸಿನಲ್ಲಿ ಬಂದಳು. ಹಾದಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತಳೇ ಹೊರತು ಏನೂ ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಹಗುರಾಗುತ್ತಿತ್ತು. ಗಿರಿಮಲ್ಲಪ್ಪನೇ ಎರಡು ಸಲ ಕೆಮ್ಮಿ, "ಸಾವಕಾಶ ಹೋದ್ರ ಏನೂ ಆಗೂದಿಲ್ಲ," ಎಂದ. ಅವಳು ತಲೆ ಆಡಿಸಿದಳು.

ಮರುದಿನ ಬೆಳಿಗ್ಗೆ ಅಲ್ಲಿಂದಲೇ ಶ್ರೀಶೈಲಕ್ಕೆ ಹೊರಡುವ ಹೊತ್ತಿಗೆ ಕಸ್ತೂರೆವ್ವ ಅರ್ಧ ಮನೆಯನ್ನೇ ಗಾಡಿಗೆ ಹೇರಿದಳು. ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಉಂಡಿ, ಹೋಳಿಗೆಯ ಡಬ್ಬಿ, ಅಳಿಯನಿಗೆ ಕೊಟ್ಟ ಬೆಳ್ಳಿ ತಾಟು, ದಾರಿಯಲ್ಲಿ ಕುಡಿಯಲು ನೀರಿನ ಕ್ಯಾನು. ಪೆಟ್ಟಿಗೆಗಳು ತುಂಬಿದ ಮೇಲೆ ಉಳಿದದ್ದನ್ನು ಹಿಂದೆ ಹಗ್ಗದಿಂದ ಬಿಗಿಸಿದರು. ಈಶ್ವರ ತನ್ನ ಜಾಕೀಟು ತೊಟ್ಟ. ಅದರ ಭುಜಕ್ಕೆ, ಮೊಣಕೈಗೆ ಗಟ್ಟಿ ಪಟ್ಟಿ. ಮೊಣಕಾಲಿಗೂ ಕವಚ, ಕೈಗೆ ದಪ್ಪ ಗವುಸು. ಮಧುಮತಿ ಹತ್ತಿಯ ಚೂಡಿದಾರ ತೊಟ್ಟು ತಲೆಗೆ ಹೆಲ್ಮೆಟ್ಟು ಹಾಕಿಕೊಂಡಳು. ಅವಳಿಗೂ ಒಂದು ಮೊಣಕಾಲಿನ ಕವಚ ಬೇಕಾದೀತು ಎಂದು ಆ ಅಂಗಳದಲ್ಲಿ ನಿಂತ ಯಾರಿಗೂ ಹೊಳೆಯಲಿಲ್ಲ. ಎಲ್ಲರಿಗಿಂತ ಮೊದಲು ಹೊಳೆಯಬೇಕಾಗಿದ್ದ ಅಳಿಯನಿಗಂತೂ ಹೊಳೆಯಲೇ ಇಲ್ಲ.

ಅವಳು ಹತ್ತಿ ಕುಳಿತಾಗ ಹಿಂದಿನ ಟೈರಿನ ಕೆಳಭಾಗ ಅಗಲವಾಗಿ ನೆಲಕ್ಕೆ ಕೂತಿತು. ಗಿರಿಮಲ್ಲಪ್ಪ ಹಗ್ಗ ನೋಡುವವನ ಹಾಗೆ ಬಗ್ಗಿ ಹೆಬ್ಬೆರಳಿನಿಂದ ಟೈರನ್ನು ಒತ್ತಿದ. ಮೆತ್ತಗಿತ್ತು.

"ಅಳಿಯಂದ್ರ, ಪೆಟ್ರೋಲ್ ಹಾಕಿಸೂ ಮುಂದ ಗಾಳಿ..." ಎಂದು ಶುರು ಮಾಡಿದ.

"ಅದಕ್ಕ ಕೈ ಹಚ್ಚಬ್ಯಾಡ್ರಿ ಮಾವಾರ. ಬರೋಬ್ಬರಿ ಐತಿ," ಎಂದ ಈಶ್ವರ ನಗುತ್ತಲೇ.

ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಕಸ್ತೂರೆವ್ವ ಗಂಡನಿಗೆ ಕಣ್ಣು ಬಿಟ್ಟಳು. ಗಿರಿಮಲ್ಲಪ್ಪ ನೆಟ್ಟಗಾಗಿ, "ಹೌದ್ರಿ. ಸಾವಕಾಶ ಹೋಗಿ ಬರ್ರಿ," ಎಂದ.

ಬೀಳಗಿ ದಾಟಿ ಸ್ವಲ್ಪ ದೂರದಲ್ಲಿ ಅದು ಆಯಿತು. ಬಿಸಿಲು ನೆತ್ತಿಗೇರುತ್ತಿತ್ತು. ಹಿಂದಿನ ಗಾಲಿ ಒಮ್ಮೆಗೇ ಗಾಳಿ ಬಿಟ್ಟು ಗಾಡಿ ಎಡಕ್ಕೂ ಬಲಕ್ಕೂ ಬಡಿದಾಡಿ ಅಡ್ಡ ಬಿತ್ತು. ಈಶ್ವರ ಡಾಂಬರಿನ ಮೇಲೆ ಉಜ್ಜಿಕೊಂಡು ಹೋದ. ಜಾಕೀಟು ಹರಿಯಿತು, ಮಣಿಕಟ್ಟು ಮುರಿಯಿತು, ಎದ್ದು ನಿಂತ. ಮಧುಮತಿ ರಸ್ತೆ ಬದಿಯ ಕಲ್ಲಿಗೆ ಹೋಗಿ ಬಿದ್ದಳು. ಗಾಡಿಯ ಪೆಟ್ಟಿಗೆ ಅವಳ ಬಲಗಾಲಿನ ಮೇಲೆ ಬಿತ್ತು. ಹಿಂದೆ ಬರುತ್ತಿದ್ದ ಟೆಂಪೋದವರು ಎತ್ತಿ ಹಾಕಿಕೊಂಡು ಬಾಗಲಕೋಟೆಯ ದವಾಖಾನೆಗೆ ಮುಟ್ಟಿಸಿದರು.

ಗಿರಿಮಲ್ಲಪ್ಪನಿಗೆ ಫೋನು ಬಂದಾಗ ಅವನು ಅಂಗಡಿಯಲ್ಲಿ ಯಾರನ್ನೋ ಬೈಯುತ್ತಿದ್ದ. ಆ ಬೈಗುಳ ಅರ್ಧಕ್ಕೇ ನಿಂತಿತು. ಬಾಗಲಕೋಟೆ ಮುಟ್ಟುವವರೆಗೂ ಕಾರಿನಲ್ಲಿ ಕಸ್ತೂರೆವ್ವ ಅಳುತ್ತಿದ್ದಳು, ಅವನು ಮಾತ್ರ ತನ್ನ ಹೆಬ್ಬೆರಳನ್ನು ತೋರುಬೆರಳಿಗೆ ಒತ್ತುತ್ತ ಕೂತಿದ್ದ.

ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಆದರೆ ಮೊಣಕಾಲಿನ ಎಲುಬು ಚೂರುಚೂರಾಗಿತ್ತು. ಎರಡು ಸಲ ಆಪರೇಶನ್ ಆಯಿತು. ಕಾಲು ಉಳಿಯುತ್ತದೆ, ನಡೆಯುತ್ತಾಳೆ, ಮೊಣಕಾಲು ಮಾತ್ರ ಇನ್ನು ಮಡಚುವುದಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ಗಿರಿಮಲ್ಲಪ್ಪ ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ನಿಂತು ಅತ್ತ. ಮಗಳು ಸಣ್ಣವಳಿದ್ದಾಗ ನೂಲಿನ ಗಂಟುಗಳ ಮೇಲೆ ಹತ್ತಿ ಜಿಗಿಯುತ್ತಿದ್ದುದು ನೆನಪಾಗಿ ಅಳು ಇನ್ನೂ ಹೆಚ್ಚಾಯಿತು.

ಈ ನಡುವೆ ನಿಂಗಣ್ಣನ ಫೋನು ಬಂತು. ಯಾವಾಗಲಿನ ಗದ್ದಲ ಆ ದನಿಯಲ್ಲಿ ಇರಲಿಲ್ಲ.

"ಸಾವಕಾರ್ರ, ಮಗಳು ಹೆಂಗದಾಳ? ಕೇಳಿ ಅನ್ನ ಸೇರವಲ್ದು ನನಗ. ನಾ ಬೀಳಗಿಗಿ ಹೋಗಿ ಗಾಡಿ ನೋಡಿ ಬಂದೇನಿ. ಟೈರಿಗಿ ಏನೂ ಆಗಿಲ್ಲ. ರಿಮ್ಮಿನ ಮ್ಯಾಗ ಜರದು ವಾಲ್ ಕಿತ್ತೈತಿ, ನಾ ಅಂದಂಗ. ನಿಮ್ಮ ಅಳಿಯಂದ್ರು ಅವರ ಗುಂಪಿನ್ಯಾಗೆಲ್ಲಾ ನಿಂಗಣ್ಣ ಖೊಟ್ಟಿ ಟೈರ್ ಮಾರಿದ ಅಂತ ಹಬ್ಬಿಸ್ಯಾರ. ನೀವು ಅಲ್ಲೇ ಇದ್ರಿ. ನೀವೊಂದ್ ಮಾತು ಹೇಳ್ರಿ ಸಾಕು."

"ಹೇಳ್ತೇನಿ," ಎಂದ ಗಿರಿಮಲ್ಲಪ್ಪ.

ಮರುದಿನ ಮುಧೋಳದಿಂದ ಬೀಗತಿ ಗಂಗಾಂಬಿಕಾ ಬಂದಳು. ಮಗನ ಕೈಗೆ ಹಾಕಿದ ಪ್ಲಾಸ್ಟರನ್ನು ಸವರಿ, ಸೊಸೆಯ ಕಾಲಿನ ಪಟ್ಟಿ ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಗಿರಿಮಲ್ಲಪ್ಪನ ಕಡೆ ತಿರುಗಿದಳು.

"ಅಧಿಕ ಮಾಸದಾಗ ಇಂಥಾ ಖೊಟ್ಟಿ ಟೈರ್ ಕೊಡಸೂಕಿಂತ ಬರೇ ಒಂದ್ ಉತ್ತತ್ತಿ ಕೈಯಾಗ ಇಟ್ಟು ಕಳಿಸಿದ್ರ ಆಗತಿತ್ತಲ್ರಿ ಅಣ್ಣಾರ. ನನ್ನ ಮಗ ಸಾಯ್ತಿದ್ದ. ಇನ್ನ ಈಕಿ ಈ ಕಾಲ ತಗೊಂಡು ನಮ್ಮ ಮನ್ಯಾಗ ಹೆಂಗ ಬಾಳೇವು ಮಾಡಬೇಕು?"

ಈಶ್ವರ ಮಂಚದ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದ. ಗಿರಿಮಲ್ಲಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಲಾರಿಯವರಿಗೆ, ಗುತ್ತಿಗೆದಾರರಿಗೆ ಆಡಿದ ಮಾತುಗಳೆಲ್ಲ ಗಂಟಲಿಗೆ ಬಂದು ನಿಂತವು. ಅಳಿಯನ ಅಂಗಿಯ ಕಾಲರು ಹಿಡಿದು ಎಬ್ಬಿಸಬೇಕೆನ್ನಿಸಿತು. ಆದರೆ ಬೀಗತಿಯ ಕೊನೆಯ ಮಾತು ಅವನ ಎದೆಯಲ್ಲಿ ನಾಟಿತ್ತು. ಮಡಚದ ಕಾಲಿನ ಮಗಳು. ಈಗ ಇವರು ಬೇಡವೆಂದರೆ ಅವಳು ಎಲ್ಲಿಗೆ ಬರಬೇಕು? ಬಂದು ಎಲ್ಲಿ ಕೂರಬೇಕು?

"ಹೌದ್ರಿ ಅಕ್ಕಾರ," ಎಂದ ಕೈ ಮುಗಿದು. "ಟೈರ್ ಖೊಟ್ಟಿ ಇದ್ವು. ಅಂಗಡಿಯವ ಮೋಸ ಮಾಡಿದ, ನಾ ನೋಡಿ ತಗೋಬೇಕಾಗಿತ್ತು. ತಪ್ಪು ನಂದು. ಆಕಿಗೇನೂ ಅನಬ್ಯಾಡ್ರಿ, ಆಕಿನ್ನ ಕೈ ಬಿಡಬ್ಯಾಡ್ರಿ."

ಗಂಗಾಂಬಿಕಾಳ ಮುಖ ಸಡಿಲವಾಯಿತು. "ಕೈ ಯಾಕ ಬಿಡೂಣ್ರಿ, ನಾವೇನು ಅಂಥಾ ಮಂದಿ ಅಲ್ಲ," ಎಂದು ಮೂಗು ಒರೆಸಿಕೊಂಡಳು. ಈಶ್ವರ ತಲೆ ಎತ್ತಿದ. ಇಷ್ಟು ದಿನ ಒಳಗೊಳಗೇ ಏನೋ ಕೊರೆಯುತ್ತಿತ್ತೋ ಏನೋ, ಮಾವನೇ ಒಪ್ಪಿಕೊಂಡ ಮೇಲೆ ಅದೂ ಇಳಿದುಹೋಯಿತು. ಮೊದಲಿನ ಗತ್ತು ದನಿಗೆ ಮರಳಿತು.

"ಇರಲಿ ಬಿಡ್ರಿ ಮಾವಾರ, ಆಗೂದು ಆತು. ಗಾಡಿಗಿ ಹೆಚ್ಚಿಗಿ ಏನೂ ಆಗಿಲ್ಲ, ರಿಪೇರಿ ಆಕೈತಿ. ಈ ಸಲ ಟೈರ್ ನಾನ ತರಸ್ತೇನಿ, ಖಾತ್ರಿ ಅಂಗಡ್ಯಾಗ. ಅಳತಿ ಅದ ಇರಲಿ, ನೂರಾ ಐವತ್ತು. ಗಾಳಿ ಮಾತ್ರ ಇನ್ನೊಂದೀಟು ಕಡಿಮಿ ಇಡ್ತೇನಿ. ಆ ಬಿಸಲಿಗಿ ಇಪ್ಪತ್ತೆರಡೂ ಹೆಚ್ಚಿಗೀನ ಆಗಿತ್ತು ಅನಸ್ತೈತಿ."

"ಆತ್ರಿ," ಎಂದ ಗಿರಿಮಲ್ಲಪ್ಪ. ಬಾಯಿಂದ ಬಂದುಬಿಟ್ಟ ಮೇಲೆ ತಾನು ಯಾವುದಕ್ಕೆ ಹೌದೆಂದೆ ಎಂದು ತಿಳಿಯಿತು.

ತಾಯಿ ಮಗ ಇಬ್ಬರೂ ಹೊರಗೆ ಹೋದರು. ಕಸ್ತೂರೆವ್ವ ಬೀಗತಿಗೆ ಚಹಾ ಕುಡಿಸಲು ಹಿಂದೆಯೇ ಹೋದಳು. ಗಿರಿಮಲ್ಲಪ್ಪ ಮಗಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಬಟ್ಟಲಿನಲ್ಲಿದ್ದ ಗಂಜಿಯನ್ನು ಚಮಚದಿಂದ ತಿರುವಿ ಅವಳ ಬಾಯಿಯ ಹತ್ತಿರ ಹಿಡಿದ. ಮಧುಮತಿ ಬಾಯಿ ತೆರೆಯಲಿಲ್ಲ.

"ಅಪ್ಪಾ, ಅವರು ಈಗ ಅಂದದ್ದು ಕೇಳಿದಿ?"

"ಕೇಳಿದೆ ಯವ್ವಾ."

"ಟೈರ್ ಖೊಟ್ಟಿ ಇತ್ತಂತ ನೀನ ಹೇಳಿದಿ. ಇನ್ನ ಅವರಿಗಿ ತಿಳಿಸಿ ಹೇಳಾವ್ರು ಯಾರು?"

"ನಿನ್ನ ಬಾಳೇವು ಉಳೀಲಿ ಅಂತ ಹಂಗಂದೆ, ಮಧೂ. ನಿನ್ನ ಸಲವಾಗಿ."

"ಉಳೀತಪ್ಪಾ, ಬಾಳೇವು ಉಳೀತು," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. "ಮಡಚದ ಕಾಲು ಚಾಚಕೊಂಡು ಮತ್ತ ಆ ಗಾಡಿ ಹಿಂದ ಕುಂಡ್ರಾಕಿ ನಾನ. ಆಗೂ ನೀ ಹೌದ ಅಂತೀ ಏನು?"

ಗಿರಿಮಲ್ಲಪ್ಪ ಚಮಚವನ್ನು ಮತ್ತೆ ಬಟ್ಟಲಿಗಿಟ್ಟ. ಹೊರಗೆ ಪಡಸಾಲೆಯಲ್ಲಿ ಈಶ್ವರ ಫೋನಿನಲ್ಲಿ ಯಾರಿಗೋ ಟೈರಿನ ಅಳತೆ ಹೇಳುತ್ತಿದ್ದ.